ಸ್ಕಂದಗಿರಿಯ ಬುಡದಲ್ಲಿ ಒಂದು ಚೆಂಡಾಟ

ಸ್ಕಂದಗಿರಿಯನ್ನು ನೀವು ನೋಡಿದ್ದೀರಾ? ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಬರುವಾಗ ಎಡಗಡೆಯ ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ ಮೊದಲು ನಂದಿಬೆಟ್ಟ ಕಾಣುತ್ತದೆ. ಎಲ್ಲರೂ ಅದನ್ನೇ ತೋರಿಸುತ್ತಾರೆ. ಅದನ್ನು ದಾಟಿ ಇನ್ನೂ ಸ್ವಲ್ಪ ಉತ್ತರಕ್ಕೆ ಬಂದರೆ ಒಂಟಿಯಾಗಿ ನಿಂತ ಇನ್ನೊಂದು ಬೆಟ್ಟವಿದೆ. ಅದೇ ಸ್ಕಂದಗಿರಿ. ಸುತ್ತಲ ಹಳ್ಳಿಯವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಕಳವಾರ ಬೆಟ್ಟ. ಎತ್ತರ ಸುಮಾರು 1,450 ಮೀಟರು, ನಂದಿಗಿಂತ ಕೂದಲೆಳೆಯಷ್ಟು ಕಡಿಮೆ. ಆದರೆ ನಂದಿಗೆ ಕಾರಿನಲ್ಲಿ ಕುಳಿತೇ ಹೋಗಬಹುದು. ಇದನ್ನು ಕಾಲಿನಿಂದಲೇ ಹತ್ತಬೇಕು.

ಹತ್ತಿರದ ಶಿಡ್ಲಘಟ್ಟದಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಸಾರ ಮಾಡಿಕೊಂಡಿರುವ ನಾನು ಈ ಬೆಟ್ಟ ಹತ್ತಿರಲಿಲ್ಲ ಎಂದರೆ ನಗಬೇಡಿ. ಮನೆ ಪಕ್ಕದ ದೇವಸ್ಥಾನಕ್ಕೆ ಹೋಗಲು ನಮಗೆಲ್ಲಿ ಪುರುಸೊತ್ತು ಸಿಗುತ್ತದೆ ಹೇಳಿ? ಕೊನೆಗೂ ಹತ್ತಿದ್ದು ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಅದೂ ಒಂದು ಚೆಂಡಿನ ದೆಸೆಯಿಂದ.

ಚಿಕ್ಕಬಳ್ಳಾಪುರದಲ್ಲಿ ನನ್ನ ತಂಗಿಯ ಮನೆ. ಎಳ್ಳು, ಸಕ್ಕರೆ ಅಚ್ಚು ಕೊಟ್ಟುಬರೋಣವೆಂದು ಶನಿವಾರ ಸಂಜೆ ಹೋದೆ. ಯಾವಾಗಲೂ ಬಾಗಿಲಿಗೇ ಓಡಿಬಂದು ಕೈಚೀಲ ಕಿತ್ತುಕೊಳ್ಳುವ ಪುಟ್ಟಿ ಅಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಬ್ಬಿಸಿ ನೋಡಿದರೆ ಒಂದು ಕೆನ್ನೆ ಊದಿ, ಕಣ್ಣ ಕೆಳಗೆ ನೀಲಿಗಟ್ಟಿದೆ! ನನ್ನ ಎದೆ ಧಸಕ್ಕೆಂದಿತು.

"ಚೆಂಡು ಬಡಿದಿದ್ದು ಅಕ್ಕ. ಅದೇನೋ ಸಾಫ್ಟ್‌ಬಾಲ್ ಅಂತೆ. ಸಾಫ್ಟು ಅಂತ ಹೆಸ್ರು ಕೇಳಿ ನಾನೂ ಹೂಂ ಅಂದೆ ನೋಡು," ಎಂದಳು ತಂಗಿ. "ಹೆಣ್ಣುಮಗು. ಕಣ್ಣೋ ಹಲ್ಲೋ ಹೋಗಿದ್ರೆ ಏನು ಗತಿ? ನಾಳೆ ಅವ್ರ ಮೇಡಂ ಹುಡ್ಗೀರ್ನೆಲ್ಲ ಬೆಟ್ಟ ಹತ್ತಿಸ್ತಾರಂತೆ. ನಾನೂ ಹೋಗಿ, ಇವಳ ಹೆಸ್ರು ತೆಗೀರಿ ಅಂತ ಹೇಳ್ಬಿಟ್ಟು ಬರ್ತೀನಿ."

ಪುಟ್ಟಿ ಏಳನೇ ಕ್ಲಾಸು. ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು, "ದೊಡ್ಡಮ್ಮ, ಮೇಡಂ ಅವತ್ತು ರಜ. ದೊಡ್ಡ ಹುಡ್ಗೀರ ಜೊತೆ ಆಡ್ತಿದ್ವಿ. ಅವ್ರು ನನ್ನ 'ಇನ್ನೂ ಮುಂದೆ ಬಾ, ಇನ್ನೂ ಮುಂದೆ ಬಾ' ಅಂದ್ರು. ಚೆಂಡು ಕಾಣೋದ್ರೊಳಗೆ ಬಂದ್ಬಿಡ್ತು," ಎಂದಳು. ಆ ಮಾತನ್ನು ಅಂದು ನಾನು ಅಷ್ಟಾಗಿ ಗಮನಿಸಲಿಲ್ಲ. ಅಷ್ಟರಲ್ಲೇ ಎಲ್ಲಾ ಇತ್ತು ಎಂದು ಮಾರನೆಯ ದಿನ ತಿಳಿಯಿತು.

ಬೆಟ್ಟಕ್ಕೆ ಹೋಗುವವರಿಗೆ ಒಂದು ಮಾತು. ಹಿಂದೆ ಹುಡುಗರು ಬೆಳದಿಂಗಳ ರಾತ್ರಿಗಳಲ್ಲಿ ಮನಸ್ಸಿಗೆ ಬಂದಂತೆ ಹತ್ತಿಬಿಡುತ್ತಿದ್ದರು. ಈಗ ಹಾಗಿಲ್ಲ. ಮೊದಲೇ ಆನ್‌ಲೈನಿನಲ್ಲಿ ಹೆಸರು ಕೊಟ್ಟು ಟಿಕೆಟ್ಟು ಮಾಡಿಸಿರಬೇಕು, ಗುರುತಿನ ಚೀಟಿ ಜೊತೆಗಿರಬೇಕು. ತಂಗಿಯ ಯಜಮಾನರು ಮೊಬೈಲಿನಲ್ಲಿ ನಮ್ಮಿಬ್ಬರ ಹೆಸರನ್ನೂ ಸೇರಿಸಿಕೊಟ್ಟರು. ರಾತ್ರಿಯೇ ಗೊಜ್ಜವಲಕ್ಕಿ ಮಾಡಿಟ್ಟೆವು. ದಪ್ಪ ಅವಲಕ್ಕಿಯನ್ನು ರವೆಯ ಹಾಗೆ ತರಿತರಿಯಾಗಿ ಪುಡಿಮಾಡಿ, ಹುಣಸೆರಸ, ಬೆಲ್ಲ, ಸಾರಿನಪುಡಿ, ಉಪ್ಪು ಬೆರೆಸಿದ ನೀರಿನಲ್ಲಿ ನೆನೆಸಿ, ಕಡಲೆಕಾಯಿಬೀಜ, ಕರಿಬೇವಿನ ಒಗ್ಗರಣೆ ಕೊಟ್ಟು ಕೊಬ್ಬರಿತುರಿ ಉದುರಿಸಿದರೆ ಆಯಿತು. ಹಸಿ ತೆಂಗಿನಕಾಯಿ ಹಾಕಬೇಡಿ. ಕೊಬ್ಬರಿಯಾದರೆ ಪ್ರಯಾಣದಲ್ಲಿ ಕೆಡುವ ಭಯವಿಲ್ಲ.

ಬೆಳಗಿನ ಜಾವ ಇನ್ನೂ ಕತ್ತಲೆ ಇರುವಾಗಲೇ ಆಟೋದಲ್ಲಿ ಹೊರಟೆವು. ಬೆಟ್ಟದ ಬುಡದಲ್ಲಿ ಪಾಪಾಗ್ನಿ ಮಠವಿದೆ. ಹತ್ತುವ ದಾರಿ ಅಲ್ಲಿಂದಲೇ. ಹದಿಮೂರು ಹದಿನಾಲ್ಕು ಹುಡುಗಿಯರು ಶಾಲು, ಮಂಕಿಟೋಪಿಗಳಲ್ಲಿ ಹುದುಗಿ ಕಿಲಕಿಲ ಎನ್ನುತ್ತಿದ್ದರು. ಅವರ ಮೇಡಂ ಚಿಕ್ಕ ವಯಸ್ಸಿನವರು, ಕಾಲೇಜಿನ ದಿನಗಳಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರಂತೆ. ಪುಟ್ಟಿಯ ಕೆನ್ನೆ ಟಾರ್ಚಿನ ಬೆಳಕಿನಲ್ಲಿ ಕಂಡದ್ದೇ ಅವರ ಮುಖ ಸಣ್ಣಗಾಯಿತು. ತಂಗಿ ಬಾಯಿ ತೆರೆಯುವ ಮೊದಲೇ, "ಅಮ್ಮಾ, ನಾನಿಲ್ಲದಾಗ ಆಗಬಾರದ್ದು ಆಯ್ತು. ನೀವು ಬೈದ್ರೂ ಕೇಳ್ತೀನಿ. ಆದ್ರೆ ಮೇಲೆ ಹೋಗಿ ಬಂದ್ಮೇಲೆ ಬೈಯಿರಿ," ಎಂದರು. ಹಾಗೆ ಹೇಳಿದವರನ್ನು ಬೈಯುವುದು ಹೇಗೆ? ತಂಗಿ ಸೆರಗು ಸಿಕ್ಕಿಸಿಕೊಂಡು ಸುಮ್ಮನೆ ಹತ್ತತೊಡಗಿದಳು.

ಮೊದಲು ಕುರುಚಲು ಗಿಡಗಳ ನಡುವಿನ ಕಾಲುದಾರಿ. ಆಮೇಲೆ ಬಂಡೆ. ಅದರ ಮೇಲೂ ಬಂಡೆ. ಚಪ್ಪಲಿಯಲ್ಲಿ ಬರುವ ಸಾಹಸ ಮಾಡಬೇಡಿ. ಜಾರದ ಷೂ ಬೇಕೇ ಬೇಕು. ಸೀರೆಗಿಂತ ಚೂಡಿದಾರ್ ಲೇಸು ಎಂದು ಅರ್ಧ ದಾರಿಯಲ್ಲಿ ನಮಗೆ ಜ್ಞಾನೋದಯವಾಯಿತು. ಇಬ್ಬರೂ ಕುಳಿತು ಎದ್ದು, ಎದ್ದು ಕುಳಿತು, ಎರಡು ಗಂಟೆಯ ದಾರಿಯನ್ನು ಎರಡೂವರೆ ಮಾಡಿದೆವು. ಹುಡುಗಿಯರು ಮೇಕೆಮರಿಗಳ ಹಾಗೆ ಹಾರಿಕೊಂಡು ಹೋಗಿ, ಮೇಲಿನಿಂದ "ಆಂಟೀ, ಇಲ್ಲೇ ಇದೆ, ಬನ್ನಿ" ಎಂದು ಸುಳ್ಳು ಹೇಳಿ ಹುರಿದುಂಬಿಸುತ್ತಿದ್ದರು.

ಮೇಲೆ ತಲುಪಿದಾಗ ಪೂರ್ವದಲ್ಲಿ, ಚಿಕ್ಕಬಳ್ಳಾಪುರದ ದಿಕ್ಕಿನಲ್ಲಿ, ಸೂರ್ಯ ಆಗಲೇ ಒಂದು ಮಾರು ಏರಿದ್ದ. ಕೆಳಗೆ ಊರಿಲ್ಲ, ಹೊಲವಿಲ್ಲ, ರಸ್ತೆಯಿಲ್ಲ. ಎಲ್ಲಾ ಬಿಳಿ. ಉಕ್ಕಿ ಬಂದ ಹಾಲು ಪಾತ್ರೆಯ ಅಂಚಿನಲ್ಲಿ ನಿಂತ ಹಾಗೆ ಮೋಡ ಬೆಟ್ಟದ ಸುತ್ತ ನಿಂತಿತ್ತು. ದಕ್ಷಿಣಕ್ಕೆ ನಂದಿಯ ತಲೆ ಮಾತ್ರ ಕಾಣುತ್ತಿತ್ತು. ಬಿಸಿಲೇರಿದಂತೆ ಮೋಡ ಹರಿದು ಮುದ್ದೇನಹಳ್ಳಿಯ ಕಡೆಯ ತೋಟಗಳು ಒಂದೊಂದಾಗಿ ಕಾಣಿಸಿದವು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಅದು. ಅರ್ಕಾವತಿ, ಪಾಲಾರ್, ಉತ್ತರ ದಕ್ಷಿಣ ಪಿನಾಕಿನಿಯರು ಎಲ್ಲಾ ಹುಟ್ಟುವುದು ಈ ನಂದಿಸಾಲಿನ ಆಸುಪಾಸಿನಲ್ಲೇ. ಇಷ್ಟು ನದಿಗಳ ತೌರುಮನೆ ನಮ್ಮದು, ಆದರೂ ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರಿಗೆ ಕೊಡ ಹಿಡಿದು ನಿಲ್ಲುತ್ತೇವೆ. ತೌರಿನವರೇ ಬಡವರಾದರೆ ಹಾಗೆಯೇ ತಾನೆ!

ತುದಿಯಲ್ಲಿ ಶಿಥಿಲವಾದ ಗುಡಿ, ಅಲ್ಲಲ್ಲಿ ಕುಸಿದ ಕೋಟೆಗೋಡೆ. ಪಾಳೆಯಗಾರರ ಕಾಲದ ಈ ಕೋಟೆ ಟಿಪ್ಪುವಿನ ಕೈಯಲ್ಲೂ ಇತ್ತೆನ್ನುತ್ತಾರೆ. ಎದುರಿನ ನಂದಿದುರ್ಗವನ್ನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನವರಿಂದ ಹಿಡಿದುಕೊಂಡದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಗೊಜ್ಜವಲಕ್ಕಿ ಡಬ್ಬಿ ಖಾಲಿಯಾಗುವ ಹೊತ್ತಿಗೆ ಮೇಡಂ ಹುಡುಗಿಯರನ್ನು ಆ ಗೋಡೆಯ ಬಳಿ ಕರೆದರು.

"ನೀವು ಈ ಕೋಟೆ ಕಾವಲುಗಾರ್ತೀರು ಅಂದ್ಕೊಳ್ಳಿ. ಬಾಗಿಲು ಅಲ್ಲಿ. ಎಲ್ಲಿ ನಿಲ್ತೀರ?"

"ಬಾಗಿಲಲ್ಲಿ ಮಿಸ್!" ಎಂದರು ಎಲ್ಲರೂ ಒಟ್ಟಿಗೆ.

"ಬಾಗಿಲಲ್ಲೇ ನಿಂತ್ರೆ ಗೋಡೆ ಹಾರಿ ಬರೋರ್ನ ಯಾರು ನೋಡ್ತಾರೆ? ದಾರಿನೂ ಕಾಣ್ಬೇಕು, ಗೋಡೆನೂ ಕಾಣ್ಬೇಕು, ಬೇಕಾದಾಗ ಬಾಗಿಲಿಗೂ ಓಡಿಬರೋ ಹಾಗಿರ್ಬೇಕು. ಅಂಥ ಜಾಗ ಹುಡುಕಿ." ಹುಡುಗಿಯರು ಚೆದುರಿದರು. ಪುಟ್ಟಿ ಬಾಗಿಲಿನಿಂದ ಹತ್ತು ಹೆಜ್ಜೆ ದೂರದ ಒಂದು ಕಲ್ಲಿನ ಮೇಲೆ ಹೋಗಿ ನಿಂತಳು. ಮೇಡಂ ಅವಳನ್ನು ನೋಡಿ ತಲೆಯಾಡಿಸಿದರು. ತಂಗಿ ನನ್ನ ಮುಖ ನೋಡಿದಳು.

ಇಳಿಯುವಾಗ ನನ್ನ ಮಂಡಿಗಳು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಬೆಟ್ಟದ ಕೆಳಗೆ ಸ್ವಲ್ಪ ದೂರದಲ್ಲಿ ರಾಗಿ ಕೊಯ್ದು ಬಿಟ್ಟ ಒಂದು ಹೊಲ. ಯಜಮಾನರನ್ನು ಕೇಳಿಕೊಂಡು ಅದನ್ನೇ ಹುಡುಗಿಯರು ಮೈದಾನ ಮಾಡಿಕೊಂಡಿದ್ದರು. ಹತ್ತು ಗಂಟೆಯ ಬಿಸಿಲು ಹಿತವಾಗಿತ್ತು. ನಾವಿಬ್ಬರೂ ಹುಣಸೆಮರದ ನೆರಳಲ್ಲಿ ಕುಳಿತೆವು. ಮೇಡಂ ಚೆಂಡನ್ನು ತಂದು ತಂಗಿಯ ಕೈಗೆ ಕೊಟ್ಟರು. ನಾನೂ ಹಿಡಿದು ನೋಡಿದೆ. ಮೋಸಂಬಿಗಿಂತ ದೊಡ್ಡದು, ಸುತ್ತಳತೆ 12 ಅಂಗುಲ, ತೂಕ 180 ಗ್ರಾಮಿನ ಮೇಲೆಯೇ. ಗಂಡಸರು ಆಡುವ ಕ್ರಿಕೆಟ್ ಚೆಂಡೇ 160 ಗ್ರಾಮಿನ ಆಸುಪಾಸು. ಮೆತ್ತಗೂ ಇಲ್ಲ, ಹಗುರವೂ ಇಲ್ಲ. ಸಾಫ್ಟ್ ಎಂಬ ಹೆಸರು ಹೇಗೆ ಬಂತು ಎನ್ನುತ್ತೀರಾ? 1887ರ ನವೆಂಬರಿನಲ್ಲಿ ಅಮೆರಿಕದ ಷಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನಲ್ಲಿ ಹುಡುಗರು ಹೊತ್ತು ಹೋಗದೆ, ಮುಷ್ಟಿಕಾಳಗದ ಕೈಗವಸೊಂದನ್ನು ಉಂಡೆ ಕಟ್ಟಿ ಪೊರಕೆಯ ಕೋಲಿನಿಂದ ಹೊಡೆದರಂತೆ. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಅದನ್ನು ಆಟ ಮಾಡಿದ. ಪೊರಕೆಕೋಲಿನಿಂದ ಹುಟ್ಟಿದ ಈ ಆಟ 1996ರಿಂದ 2008ರವರೆಗೆ ಒಲಿಂಪಿಕ್ಸಿನಲ್ಲಿ ಹೆಂಗಸರ ಆಟವಾಗಿ ನಡೆಯಿತು. ಆಮೇಲೆ ಕೈಬಿಟ್ಟರು. 2021ರಲ್ಲಿ ಟೋಕಿಯೋದಲ್ಲಿ ಮತ್ತೆ ಆಡಿದಾಗ ಜಪಾನಿನ ಹೆಣ್ಣುಮಕ್ಕಳು ಚಿನ್ನ ಗೆದ್ದರು. ನಮ್ಮ ದೇಶದ ಶಾಲಾ ಕ್ರೀಡಾಕೂಟಗಳಲ್ಲೂ ಇದು ಇದೆ.

ಈಗ ನಿಮ್ಮ ಅಂಗಳಕ್ಕೆ ಬನ್ನಿ. ರಂಗೋಲಿ ಪುಡಿ ತೆಗೆದುಕೊಳ್ಳಿ. ಒಂದು ಗೇಣನ್ನು ಹತ್ತು ಅಡಿ ಎಂದುಕೊಂಡು, ಒಂದು ಮೂಲೆ ಹೊಸಿಲ ಕಡೆಗೆ ಬರುವಂತೆ ಆರು ಗೇಣಿನ ಚೌಕ ಎಳೆಯಿರಿ. ಹೊಸಿಲ ಬಳಿಯ ಮೂಲೆ ಹೋಮ್. ಬ್ಯಾಟು ಹಿಡಿದವಳು ನಿಲ್ಲುವುದು ಅಲ್ಲೇ. ಬಲಗಡೆಯ ಮೂಲೆ ಫಸ್ಟ್ ಬೇಸ್, ಎದುರಿನ ದೂರದ ಮೂಲೆ ಸೆಕೆಂಡ್, ಎಡಗಡೆಯದು ಥರ್ಡ್. ಹೊಡೆದವಳು ಫಸ್ಟಿಗೆ ಓಡಬೇಕು. ಅವಳು ತಲುಪುವ ಮೊದಲೇ ಚೆಂಡು ಅಲ್ಲಿ ಕಾದಿರುವ ಹುಡುಗಿಯ ಕೈಗವಸಿನಲ್ಲಿ ಬಿದ್ದು, ಆಕೆಯ ಕಾಲು ಬೇಸಿನ ಮೇಲಿದ್ದರೆ ಔಟು. ಮೂಲೆಯಿಂದ ಮೂಲೆಗೆ 60 ಅಡಿ. ಚುರುಕಾದ ಹುಡುಗಿ ಇದನ್ನು ಮೂರೂವರೆ, ನಾಲ್ಕು ಸೆಕೆಂಡಿನಲ್ಲಿ ಓಡಿಬಿಡುತ್ತಾಳೆ. ಅಷ್ಟರೊಳಗೆ ಚೆಂಡು ಹಿಡಿಯಬೇಕು, ನೆಟ್ಟಗೆ ನಿಲ್ಲಬೇಕು, ಎಸೆಯಬೇಕು. ಒಮ್ಮೆ ಕೈ ತಡವರಿಸಿದರೆ ಮುಗಿಯಿತು.

ಹೊಸದಾಗಿ ಆಡುವ ಮಕ್ಕಳು ಮಾಡುವ ಮೊದಲ ತಪ್ಪೆಂದರೆ ಬೇಸಿನ ಮೇಲೇ ಕಾಲಿಟ್ಟು ನಿಲ್ಲುವುದು. 'ಥರ್ಡ್ ಬೇಸ್ ನಿನ್ನದು' ಎಂದರೆ ಪಾಪ, ಮಗು ಅದನ್ನು ಬಿಟ್ಟು ಅಲುಗುವುದಿಲ್ಲ. ಬೆಟ್ಟದ ಮೇಲೆ ಬಾಗಿಲಲ್ಲಿ ನಿಂತ ಹಾಗೆ. ಆದರೆ ಚೆಂಡು ಮೂಲೆಗೇ ಬರುವುದು ಅಪರೂಪ. ಬರುವುದು ಮೂಲೆಗಳ ನಡುವಿನ ಸಂದುಗಳಲ್ಲಿ. ಆದ್ದರಿಂದ ಚೌಕದ ಎದುರಿನ ಎರಡು ಗೆರೆಗಳ ಮಧ್ಯಕ್ಕೆ ಒಂದೊಂದು ಬಟ್ಟಲು ಇಡಿ, ಗೆರೆಯಿಂದ ಅರ್ಧದಿಂದ ಒಂದು ಗೇಣು ಆಚೆಗೆ. ಬಲಗಡೆಯ ಬಟ್ಟಲು ಸೆಕೆಂಡ್ ಬೇಸಿನವಳು. ಎಡಗಡೆಯದು ಷಾರ್ಟ್‌ಸ್ಟಾಪ್. ಇವರಿಬ್ಬರೂ ಹಿಂದೆ ನಿಲ್ಲುವುದೇಕೆಂದರೆ ಅವರು ಕಾಯಬೇಕಾದ ಜಾಗ ಅಗಲ; ಹಿಂದೆ ನಿಂತಷ್ಟೂ ಆಚೀಚೆ ಓಡಲು ಹೊತ್ತು ಸಿಗುತ್ತದೆ. ಎರಡು ಮೂಲೆಯವರು ಮಾತ್ರ ಅರ್ಧ ಗೇಣಿನಿಂದ ಒಂದು ಗೇಣು ಮುಂದಕ್ಕೆ, ಗೆರೆಯಿಂದ ಒಂದೆರಡು ಹೆಜ್ಜೆ ಒಳಕ್ಕೆ. ಬ್ಯಾಟು ಹಿಡಿದವಳು ಜೋರಾಗಿ ಹೊಡೆಯದೆ ಸುಮ್ಮನೆ ಮುಟ್ಟಿಸಿ ಚೆಂಡನ್ನು ಕಾಲ ಬುಡದಲ್ಲೇ ಉರುಳಿಸುವ ಉಪಾಯ ಒಂದಿದೆ, ಬಂಟ್ ಎನ್ನುತ್ತಾರೆ. ಅದನ್ನು ಓಡಿಬಂದು ಎತ್ತಬೇಕಾದವರು ಈ ಮೂಲೆಯವರೇ. ಇಬ್ಬರೂ ಮುಂದೆ ನುಗ್ಗಿದರೆ ಫಸ್ಟ್ ಬೇಸ್ ಖಾಲಿ, ಆಗ ಸೆಕೆಂಡಿನವಳು ಅಲ್ಲಿಗೆ ಓಡಬೇಕು, ಷಾರ್ಟ್‌ಸ್ಟಾಪ್ ಸೆಕೆಂಡನ್ನು ನೋಡಿಕೊಳ್ಳಬೇಕು. ಒಲೆಯ ಮೇಲಿನ ಹಾಲು ನೋಡಲು ಅತ್ತೆ ಹೋದರೆ ಬಾಗಿಲು ತೆಗೆಯಲು ಸೊಸೆ ಓಡುವುದಿಲ್ಲವೇ?

ಇದು ಪುಸ್ತಕದ ರಂಗೋಲಿ. ಮೇಡಂ ಅಂದದ್ದು ಬೇರೆಯೇ ಮಾತು. "ಚುಕ್ಕಿ ನೋಡಿ ಮಕ್ಕಳನ್ನ ನಿಲ್ಲಿಸ್ಬಾರ್ದಮ್ಮ. ಮಕ್ಕಳನ್ನ ನೋಡಿ ಚುಕ್ಕಿ ಇಡ್ಬೇಕು."

ಥರ್ಡಿನಿಂದ ಫಸ್ಟಿಗೆ ಕರ್ಣದ ಉದ್ದ ಹೆಚ್ಚುಕಡಿಮೆ 85 ಅಡಿ. ಹನ್ನೆರಡು ವರ್ಷದ ಎಷ್ಟು ಮಕ್ಕಳ ಕೈ ಅಷ್ಟು ದೂರ ನೇರವಾಗಿ ಎಸೆದೀತು? ಥರ್ಡಿನವಳು ಗೆರೆಯ ಮೇಲೆ ಹತ್ತು ಅಡಿ ಮುಂದೆ ಬಂದರೆ ಎಸೆತ 78 ಅಡಿಗೆ ಇಳಿಯುತ್ತದೆ. ಎಸೆಯಲು ಹಗುರ. ಆದರೆ ಮುಂದೆ ಬಂದಷ್ಟೂ ಚೆಂಡು ಬೇಗ ಬರುತ್ತದಲ್ಲ! ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಹೊಡೆದ ಚೆಂಡು 60 ಅಡಿ ದಾಟಲು ಒಂದು ಸೆಕೆಂಡು ಸಾಕು. 40 ಅಡಿಯಲ್ಲಿ ನಿಂತವಳಿಗೆ ಮುಕ್ಕಾಲು ಸೆಕೆಂಡೂ ಸಿಗುವುದಿಲ್ಲ. ಕೈ ದುರ್ಬಲವೆಂದು ಮುಂದೆ ಕರೆದರೆ ಕಣ್ಣಿಗೆ ಹೊತ್ತು ಸಾಲದು, ಕಣ್ಣಿಗೆ ಹೊತ್ತು ಕೊಡೋಣವೆಂದು ಹಿಂದೆ ಕಳಿಸಿದರೆ ಕೈಗೆ ಎಟುಕದು. ಹೊಡೆಯುವವರು ಸಣ್ಣ ಮಕ್ಕಳಾಗಿದ್ದಾಗ ಮುಂದೆ ನಿಂತರೆ ನಡೆದೀತು. ಅಂದು ಪುಟ್ಟಿಯ ಎದುರು ಬ್ಯಾಟು ಹಿಡಿದಿದ್ದವಳು ಹತ್ತನೇ ಕ್ಲಾಸಿನ ಹುಡುಗಿ. ಬಂಟ್ ಮಾಡುತ್ತಾಳೆಂದು ಪುಟ್ಟಿಯನ್ನು ಮುಂದೆ, ಮುಂದೆ ಎಂದು ಕರೆದರು. ಅವಳು ಬೀಸಿಬಿಟ್ಟಳು. ತಂಗಿ ಇದನ್ನು ಕೇಳುತ್ತಾ ಕೇಳುತ್ತಾ ಚೆಂಡನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

"ಹಂಗಾದ್ರೆ ತಪ್ಪು ಮಗೂದಲ್ಲ," ಎಂದಳು ಕೊನೆಗೆ.

"ಅಲ್ಲಮ್ಮ. ನಿಲ್ಲಿಸಿದೋರದ್ದು."

ಮೇಡಂ ಪುಟ್ಟಿಯನ್ನು ಅಂದು ಸೆಕೆಂಡಿಗೆ ಹಾಕುತ್ತೇನೆಂದರು. ಅಲ್ಲಿಂದ ಫಸ್ಟಿಗೆ ಮೂವತ್ತು ನಲವತ್ತು ಅಡಿ, ಎಸೆತ ಸಲೀಸು. ಹೋಮಿನಿಂದ ದೂರ, ಚೆಂಡು ನೋಡಲು ಹೊತ್ತುಂಟು. "ಹೂಂ, ಕೈಲಾಗದೋರ್ನ ಹಾಕೋ ಜಾಗ ಅನ್ನಿ," ಎಂದು ತಂಗಿ ಚುಚ್ಚಿದಳು. ಮೇಡಂ ನಕ್ಕರು. ಬಹಳ ಜನ ಹಾಗೇ ತಿಳಿದು ಮೋಸಹೋಗುತ್ತಾರಂತೆ. ಪಿಚರ್ ಜೋರಾಗಿ ಎಸೆಯುವವಳಾದರೆ ಚಿಕ್ಕ ಹುಡುಗಿಯರ ಬ್ಯಾಟು ಒಂದು ಕ್ಷಣ ತಡವಾಗಿ ಬೀಸುತ್ತದೆ, ಚೆಂಡು ಬಲಗಡೆಗೇ ಹೋಗುತ್ತದೆ. ಪಿಚರ್ ನಿಧಾನವಾದರೆ ಎಡಗಡೆಗೆ, ಷಾರ್ಟ್‌ಸ್ಟಾಪ್, ಥರ್ಡುಗಳ ಕಡೆಗೆ. ಎಡಗೈಯವಳು ಬ್ಯಾಟು ಹಿಡಿದರೆ ಎಲ್ಲರೂ ಬಲಕ್ಕೆ ಎರಡು ಮೂರು ಹೆಜ್ಜೆ ಸರಿಯಬೇಕು. ಆದ್ದರಿಂದ ಮೊದಲು ತಮ್ಮ ಪಿಚರನ್ನು ನೋಡಿಕೊಂಡು ಆಮೇಲೆ ಒಳಮೈದಾನದವರನ್ನು ಹಂಚಬೇಕು. ಇದು ನನಗೆ ಬಹಳ ಹಿಡಿಸಿತು. ಅಡಿಗೆಗೆ ಎಷ್ಟು ಜನ ಎಂದು ತಿಳಿಯದೆ ಅಕ್ಕಿ ನೆನೆಹಾಕುವವರುಂಟೇ?

ಆಟ ಶುರುವಾಯಿತು. ರಾಗಿಕೂಳೆಯ ನೆಲ, ಚೆಂಡು ಒಮ್ಮೊಮ್ಮೆ ಕಪ್ಪೆಯ ಹಾಗೆ ಚಿಮ್ಮುತ್ತಿತ್ತು. ಇಂಥ ನೆಲದಲ್ಲಿ ಎಲ್ಲರೂ ಒಂದು ಹೆಜ್ಜೆ ಹಿಂದೆಯೇ ನಿಲ್ಲಿ ಎಂದರು ಮೇಡಂ. ಮಂಡಿ ಬಗ್ಗಿಸಿ, ಕೈಗವಸು ನೆಲಕ್ಕೆ ತಾಗುವಂತೆ ಹಿಡಿದು ಕಾಯಬೇಕು. ಕೆಳಗಿನಿಂದ ಮೇಲಕ್ಕೆ ಕೈ ತರುವುದು ಸುಲಭ, ಮೇಲಿನಿಂದ ಕೆಳಕ್ಕೆ ಕಷ್ಟ. ಮೊದಲ ಚೆಂಡು ಪುಟ್ಟಿಯ ಕಡೆ ಬಂದಾಗ ಅವಳು ಮುಖ ತಿರುಗಿಸಿಕೊಂಡಳು. ಚೆಂಡು ಕಾಲ ಸಂದಿನಲ್ಲಿ ನುಸುಳಿ ಹೋಯಿತು. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಯಾರೂ ಏನೂ ಅನ್ನಲಿಲ್ಲ. ಮೇಡಂ ಮಾತ್ರ ದೂರದಿಂದ ಕೈಸನ್ನೆ ಮಾಡಿ ಅವಳನ್ನು ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಕಳಿಸಿದರು.

ಎರಡನೆಯದೂ ಹೋಯಿತು. ಆದರೆ ಈ ಸಲ ಅವಳು ಮುಖ ತಿರುಗಿಸಲಿಲ್ಲ, ಬಗ್ಗುವುದು ತಡವಾಯಿತು ಅಷ್ಟೆ.

ಆಮೇಲೆ ಥರ್ಡಿನಲ್ಲಿ ಒಬ್ಬ ಓಟಗಾರ್ತಿ ಬಂದು ನಿಂತಳು. ಔಟಾದವರು ಒಬ್ಬರೇ. ಹೀಗಿದ್ದಾಗ ಒಳಮೈದಾನದವರೆಲ್ಲ ಗೆರೆಯವರೆಗೆ ಮುಂದೆ ಬರುತ್ತಾರೆ, ಚೆಂಡು ಸಿಕ್ಕಿದೊಡನೆ ಹೋಮಿಗೆ ಎಸೆದು ಆ ಓಟ ತಡೆಯಲು. ಇಬ್ಬರು ಔಟಾಗಿದ್ದರೆ ಮುಂದೆ ಬರಬೇಕಾಗಿಲ್ಲ. ಹಿಂದೆಯೇ ನಿಂತು ಸುಲಭವಾದ ಒಂದು ಔಟು ಮಾಡಿದರೆ ಸರದಿಯೇ ಮುಗಿಯುತ್ತದೆ. ಮೇಡಂ ಎಲ್ಲರನ್ನೂ ಮುಂದೆ ಕರೆದರು, ಪುಟ್ಟಿಯನ್ನು ಮಾತ್ರ ಕರೆಯಲಿಲ್ಲ. "ಅಲ್ಲೇ ಇರು. ಒಂದು ಓಟ ಹೋದ್ರೆ ಹೋಗ್ಲಿ," ಎಂದರು. ತಂಡದ ಇನ್ನೊಬ್ಬ ಹುಡುಗಿ, "ಮಿಸ್, ಒಂದು ರನ್ ಹೋಗುತ್ತೆ," ಎಂದು ರಾಗ ಎಳೆದಳು. ಮಕ್ಕಳ ಆಟದಲ್ಲೂ ಲೆಕ್ಕಾಚಾರದವರು ಇರುತ್ತಾರೆ ನೋಡಿ.

ಹೊಡೆದ ಚೆಂಡು ಪುಟ್ಟಿಯ ಬಲಕ್ಕೆ ಉರುಳಿತು. ನಾಲ್ಕು ಹೆಜ್ಜೆ ಓಡಿದಳು, ಬಗ್ಗಿದಳು, ಕೈಗವಸಿನಲ್ಲಿ ಚೆಂಡು ಸಿಕ್ಕಿತ್ತು! ಹೋಮಿನ ಕಡೆ ಒಮ್ಮೆ ನೋಡಿದಳು. ಓಟಗಾರ್ತಿ ಆಗಲೇ ಅರ್ಧ ದಾರಿ. ಫಸ್ಟಿಗೆ ಎಸೆದಳು. ಔಟು. ಒಂದು ರನ್ ಹೋಗಿತ್ತು, ಆದರೆ ಅದರ ಕಡೆ ಯಾರ ಗಮನವೂ ಇರಲಿಲ್ಲ. ಹುಡುಗಿಯರ ಕಿರುಚಾಟಕ್ಕೆ ಹುಣಸೆಮರದ ಗಿಳಿಗಳು ಹಾರಿಹೋದವು. ಪುಟ್ಟಿ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಮಂಡಿ ಬಗ್ಗಿಸಿ ಮುಂದಿನ ಚೆಂಡಿಗೆ ಕಾಯುತ್ತಿದ್ದಳು.

ಬಿಸಿಲು ನೆತ್ತಿಗೇರಿದ ಮೇಲೆ ಆಟ ನಿಂತಿತು. ತಂಗಿ ಎದ್ದು ಸೀರೆಯ ದೂಳು ಕೊಡವಿಕೊಂಡು ಮೇಡಂ ಹತ್ತಿರ ಹೋದಳು. ಹೆಸರು ತೆಗೆಸುವ ಮಾತೇ ಬಂತೆಂದು ನಾನೂ ಹಿಂದೆ ಹೋದೆ. ಅವಳು ಕೇಳಿದ್ದು ಬೇರೆ. ಆ ಕ್ಯಾಚರ್ ಹುಡುಗಿ ಮುಖಕ್ಕೆ ಕಂಬಿಯ ಗವಸು ಹಾಕಿಕೊಂಡಿದ್ದಾಳೆ, ಉಳಿದ ಮಕ್ಕಳಿಗೇಕಿಲ್ಲ? ಮೇಡಂ ಹೇಳಿದರು: ಅಮೆರಿಕದಲ್ಲಿ ಈಗ ಎಷ್ಟೋ ಕಡೆ ಒಳಮೈದಾನದ ಮಕ್ಕಳೆಲ್ಲ ಅಂಥದ್ದನ್ನೇ ಹಾಕಿಕೊಂಡು ಆಡುತ್ತಾರೆ, ನಿಯಮ ಕೇಳದಿದ್ದರೂ ತಾಯಂದಿರು ಬಿಡುವುದಿಲ್ಲ. ತಮ್ಮ ಹತ್ತಿರ ಇರುವುದು ಒಂದೇ. ಹಲ್ಲಿಗೆ ಇಟ್ಟುಕೊಳ್ಳುವ ರಬ್ಬರಿನ ಗವಸೂ ಬರುತ್ತದೆ, ಅಭ್ಯಾಸಕ್ಕೆ ನಿಜಕ್ಕೂ ಮೆತ್ತಗಿರುವ ಚೆಂಡುಗಳೂ ಸಿಗುತ್ತವೆ. ದುಡ್ಡಿನದೇ ತೊಂದರೆ.

ನಿಮ್ಮ ಮಕ್ಕಳೂ ಇಂಥ ಆಟ ಆಡುತ್ತಿದ್ದರೆ ಒಮ್ಮೆ ಮೈದಾನಕ್ಕೆ ಹೋಗಿ ನೋಡಿ. ಮಗುವನ್ನು ಎಲ್ಲಿ ನಿಲ್ಲಿಸಿದ್ದಾರೆ, ಹೊಡೆಯುವವರು ಎಷ್ಟು ದೊಡ್ಡವರು, ನಡುವೆ ಎಷ್ಟು ಹೆಜ್ಜೆ ಎಂದು ಕೇಳಿ. ಆಟದ ವಿಷಯ ನಮಗೇನು ಗೊತ್ತು ಎಂದು ಸಂಕೋಚಪಡಬೇಡಿ. ಬಿಸಿ ಎಣ್ಣೆಯ ಬಾಣಲೆಯಿಂದ ಮಗುವನ್ನು ಎಷ್ಟು ದೂರ ಕೂರಿಸಬೇಕೆಂಬುದು ನಮಗೆ ಯಾರೂ ಪಾಠ ಹೇಳಿಕೊಟ್ಟದ್ದಲ್ಲ. ಕೆಳಗಿನ ತರಗತಿಯ ಮಕ್ಕಳನ್ನು ಮೇಲಿನವರ ಎದುರು ನಿಲ್ಲಿಸುವಾಗ ದೊಡ್ಡವರೊಬ್ಬರು ಅಲ್ಲಿರಲೇಬೇಕು.

ಹಿಂತಿರುಗುವಾಗ ಮಠದ ಬಳಿ ಮುದುಕಿಯೊಬ್ಬಳು ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಕೊಟ್ಟಳು. ಪುಟ್ಟಿ ನೋವಿಲ್ಲದ ಕಡೆಯ ಕೆನ್ನೆಯಲ್ಲಿ ಅಗಿಯುತ್ತಾ ಆಟೋದಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಹಿಂದೆ ಸ್ಕಂದಗಿರಿ ಬಿಸಿಲಲ್ಲಿ ಬೋಳಾಗಿ ನಿಂತಿತ್ತು. ಬೆಳಿಗ್ಗೆಯ ಮೋಡದ ಸುಳಿವೇ ಇಲ್ಲ. ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಊರು ಹತ್ತಿರ ಬಂದಾಗ, "ನಮ್ಮ ಓಣಿಯವ್ರ ಚೀಟಿ ಈ ತಿಂಗ್ಳು ನಂಗೇ ಬರುತ್ತೆ ಅಕ್ಕ. ಆ ಕಂಬಿ ಗವಸು ಒಂದಕ್ಕೆಷ್ಟು ಅಂತ ಕೇಳ್ಬೇಕು," ಎಂದಳು. ಸ್ವಲ್ಪ ತಡೆದು, "ಬರೋ ಭಾನುವಾರಕ್ಕೆ ಗೊಜ್ಜವಲಕ್ಕಿ ಜಾಸ್ತಿ ಮಾಡ್ಬೇಕು. ಹದಿನಾಲ್ಕು ಜನ ಹುಡ್ಗೀರು, ಎಲ್ಲಿ ಸಾಲುತ್ತೆ?"